ವ್ಯಾಪಾರ ಮುಗಿದ ಮೇಲೆ ನಡೆದ ಟ್ರಯಲ್

ಮಧುಗಿರಿಯಲ್ಲಿ ನಮ್ಮ ಆಫೀಸು ಒಂದು ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲಿದೆ. ಕೆಳಗೆ ಪೈಪು, ನಲ್ಲಿ, ಬಣ್ಣದ ಡಬ್ಬ. ಮೇಲೆ ನಾವು ಮತ್ತು ನಮ್ಮ ಕಂಪ್ಯೂಟರುಗಳು. ಕಿಟಕಿ ತೆರೆದರೆ ಬೆಟ್ಟ ಎದುರಿಗೇ ನಿಲ್ಲುತ್ತದೆ. ಮಧ್ಯಾಹ್ನದ ಮೇಲೆ ಬಂಡೆಯ ಕಾವು ಒಳಗೆ ಬರುತ್ತದೆಂದು ಅದನ್ನು ಮುಚ್ಚಿಯೇ ಇಡುತ್ತೇವೆ. ಆ ಮೆಟ್ಟಿಲು ಹತ್ತುವವರೆಗೆ ನಮ್ಮ ಮ್ಯಾನೇಜರು ನನಗೆ ಭಾವ. ಹತ್ತಿದ ಮೇಲೆ ಸರ್. ನಾನು ಕೆಲಸಕ್ಕೆ ಸೇರಿದ ದಿನವೇ ಅವನು ಮಾಡಿದ ಕಟ್ಟಳೆ ಇದು.

“ಮೇಲೆ ಬಂದಾಗ ಭಾವ ಗೀವ ಅನ್ಬ್ಯಾಡ ಕಣ್ಲಾ. ಮನೆ ಮಂದಿನೆಲ್ಲ ತುಂಬ್ಕಂಡು ಆಫೀಸು ನಡೆಸ್ತಾವ್ನೆ ಅಂತಾರೆ ಬಂದೋರು.”

“ಆಯ್ತು ಭಾವ.”

“ನೋಡು, ಆಗ್ಲೇ ಅಂದ್ಬುಟ್ಟೆ.”

ಅವನು ನನ್ನ ಸೋದರತ್ತೆಯ ಮಗ, ನನಗಿಂತ ದೊಡ್ಡವನು. ನಮ್ಮದು ಶಿರಾ ತಾಲೂಕಿನ ಒಂದು ಹಳ್ಳಿ, ಕುರಿ ಸಾಕುವ ಮನೆ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಕುರಿ ಹಿಂದೆ ಹೋದವನು. ನನ್ನ ವಾರಿಗೆಯವರ ಮಕ್ಕಳು ಅಂಗನವಾಡಿಗೆ ಹೋಗುತ್ತಿದ್ದಾಗ ನಾನು ಹತ್ತನೇ ಕ್ಲಾಸಿನ ಪರೀಕ್ಷೆಗೆ ಖಾಸಗಿಯಾಗಿ ಕಟ್ಟಿದೆ. ಆಮೇಲೆ ಪಿಯುಸಿ, ಆಮೇಲೆ ಅಂಚೆ ಮೂಲಕ ಡಿಗ್ರಿ. ಇದನ್ನೆಲ್ಲ ಮಾಡಿಸಿದವನು ಭಾವನೇ. ತುಮಕೂರಿನಲ್ಲಿ ಕೆಲಸಕ್ಕಿದ್ದವನು ರಜೆಯಲ್ಲಿ ಊರಿಗೆ ಬಂದಾಗ ಕೆರೆ ಏರಿಯ ಮೇಲೆ ನನ್ನ ಪಕ್ಕ ಕುಳಿತು, ಕುರಿ ಮೇಯುತ್ತಿರುವಾಗ, ಬೀಜಗಣಿತ ಹೇಳಿಕೊಟ್ಟ. ಅವನ ಹಳೆಯ ಕಂಪ್ಯೂಟರಿನಲ್ಲೇ ನಾನು ನನ್ನ ಮೊದಲ ಪ್ರೋಗ್ರಾಮು ಬರೆದದ್ದು. ಹೆಸರು ಕೇಳಿ ನಮಸ್ಕಾರ ಹೇಳುವ ಪ್ರೋಗ್ರಾಮು. ಅದು ನನಗೆ ನಮಸ್ಕಾರ ಹೇಳಿದಾಗ ಭಾವ ನನ್ನ ಬೆನ್ನ ಮೇಲೆ ಗುದ್ದಿದ್ದು ಇನ್ನೂ ನೆನಪಿದೆ. ನಾನು ಇವತ್ತಿಗೂ ಎರಡೇ ಬೆರಳಿನಲ್ಲಿ ಟೈಪು ಮಾಡುತ್ತೇನೆ. ಅದನ್ನು ಸರಿಮಾಡಲು ಅವನಿಂದಲೂ ಆಗಲಿಲ್ಲ.

ಅವನ ಅಪ್ಪನ ವಿಷಯವನ್ನೂ ಹೇಳಬೇಕು. ನಮ್ಮ ಮಾವ ಕುರಿ ಸಂತೆಯ ದಲ್ಲಾಳಿ. ನಮ್ಮ ಕಡೆ ಸಂತೆಯಲ್ಲಿ ಕುರಿಯ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ದಲ್ಲಾಳಿ ತನ್ನ ಹೆಗಲ ಮೇಲಿನ ಟವಲನ್ನು ಇಬ್ಬರ ಕೈ ಮೇಲೆ ಹೊದಿಸುತ್ತಾನೆ. ಅದರ ಕೆಳಗೆ ಬೆರಳು ಹಿಡಿದು, ಅದುಮಿ, ಬಿಟ್ಟು ವ್ಯಾಪಾರ ನಡೆಯುತ್ತದೆ. ಸುತ್ತ ನಿಂತವರಿಗೆ ಕಾಣುವುದು ಟವಲು ಅಲುಗಾಡುವುದಷ್ಟೆ. ಮುಗಿಯಿತೋ ಇಲ್ಲವೋ ಎಂದು ಮುಖ ನೋಡಿಯೂ ತಿಳಿಯುವುದಿಲ್ಲ. ಮುಗಿದ ಮೇಲೂ ಕೆಲವು ಸಲ ಮಾವ ಕುರಿಗಳನ್ನು ಅಲ್ಲೇ ನಿಲ್ಲಿಸಿಕೊಂಡಿರುತ್ತಿದ್ದ. ಬೇರೆಯವರು ಬರುತ್ತಾರೆ, ಹಲ್ಲು ನೋಡುತ್ತಾರೆ, ಸೊಂಟ ಹಿಡಿದು ಎತ್ತಿ ತೂಕ ನೋಡುತ್ತಾರೆ, ಚೌಕಾಸಿ ಮಾಡುತ್ತಾರೆ. ಅವರಿಗೆ ಗೊತ್ತಿಲ್ಲ, ಕುರಿ ಆಗಲೇ ಇನ್ನೊಬ್ಬರದು. ಹಾಗೆ ಜನ ಕವಿದರೆ ಪಕ್ಕದ ಮಂದೆಗೂ ಗಿರಾಕಿ ಬರುತ್ತಾನೆ ಎಂದು ಮಾವನ ಲೆಕ್ಕ. ನನ್ನಪ್ಪನಿಗೆ ಅದು ಹಿಡಿಸುತ್ತಿರಲಿಲ್ಲ. “ಮುಗ್ದಿದ್ರೆ ಮುಗ್ದದೆ ಅನ್ಬೇಕಪ್ಪ. ಪಾಪ, ಹಲ್ಲು ನೋಡ್ತಾ ನಿಂತವ್ನೆ ಅವ್ನು” ಎನ್ನುತ್ತಿದ್ದ.

ಆ ವರ್ಷ ನಮಗೆ ಪಾವಗಡ ಕಡೆಯಿಂದ ಒಂದು ಕೆಲಸ ಬಂತು. ತಿರುಮಣಿಯ ಸೋಲಾರ್ ಪಾರ್ಕಿನಲ್ಲಿ ಗಾಜಿನ ಪ್ಯಾನಲು ತೊಳೆಯುವ ಹೆಂಗಸರ ಗುಂಪುಗಳನ್ನು ನಡೆಸುವ ಒಬ್ಬ ಕಂಟ್ರಾಕ್ಟರು ಭಾವನನ್ನು ಹುಡುಕಿಕೊಂಡು ಬಂದ. ಯಾವ ಗುಂಪು ಯಾವ ಸಾಲು ತೊಳೆಯಿತು, ಯಾರು ಬಂದಿದ್ದರು, ಇದು ಫೋನಿನಲ್ಲಿ ಒತ್ತಿದರೆ ಅವನ ಆಫೀಸಿನಲ್ಲಿ ಕಾಣಬೇಕು. ಅಲ್ಲಿಯವರೆಗೆ ಮೇಸ್ತ್ರಿ ಬಾಯಲ್ಲಿ ಹೇಳಿದ್ದೇ ನಡೆಯುತ್ತಿತ್ತು. ತೊಳೆದ ಸಾಲನ್ನು ತೊಳೆದಿಲ್ಲ ಎಂದು ಅವನು ಹೇಳಿದರೆ ಹೆಂಗಸರು ಮತ್ತೆ ತೊಳೆಯಬೇಕಿತ್ತು.

ಶಿವರಾತ್ರಿ ಹೊತ್ತಿಗೆ ಭಾವ ಇದನ್ನು ನಮಗೆ ಹೇಳಿದ್ದೇ ತಡ, ಮೂರು ಜನರಲ್ಲಿ ಮೂರು ಮಾತಾಯಿತು. ಮೂರನೆಯವಳು ನಮ್ಮ ಜೊತೆ ಕೋಡ್ ಬರೆಯುವ ಶಿರಾ ಪೇಟೆಯ ಹುಡುಗಿ. ಅವಳ ಅಪ್ಪನದು ಹಾಸಿಗೆ ದಿಂಬು ಹೊಲಿಯುವ ಅಂಗಡಿ. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವಳು, ಓದಿನಲ್ಲಿ ಮುಂದೆ. ಹತ್ತೂ ಬೆರಳಿನಲ್ಲಿ ಟೈಪು ಮಾಡುತ್ತಾಳೆ.

ನಾನು ಪಿಎಚ್‌ಪಿಯಲ್ಲೇ ಮಾಡೋಣ ಎಂದೆ. ಪ್ರೋಗ್ರಾಮು ಬರೆಯುವ ಹಳೆಯ ಭಾಷೆ, ನನಗೆ ಗೊತ್ತಿರುವ ಭಾಷೆ, ಎಲ್ಲಿ ಮುರಿಯುತ್ತದೆ ಎಂದೂ ಗೊತ್ತು. ಫೋನಿನೊಳಗೆ ಒಂದು ಚಿಕ್ಕ ಆ್ಯಪು ಇಟ್ಟು, ಸಿಗ್ನಲ್ ಇಲ್ಲದಾಗ ಅದರಲ್ಲೇ ಉಳಿಸಿಕೊಂಡು, ಸಿಕ್ಕಾಗ ಕಳಿಸಿದರೆ ಆಯಿತು.

“ಅಣ್ಣಾ, ನಿಮ್ದು ಹಳೇ ಜಮಾನಾ” ಎಂದಳು ಅವಳು. “ಈಗ ಯಾರು ಅದ್ರಲ್ಲಿ ಹೊಸದು ಶುರು ಮಾಡ್ತಾರೆ? ಹೊಸ ಫ್ರೇಮ್‌ವರ್ಕಲ್ಲಿ ಮಾಡಿದ್ರೆ ಸ್ಕ್ರೀನು ನೀರು ಹರ್ದಂಗೆ ಹರೀತದೆ.”

“ಹರಿಯೋದು ಯಾಕಮ್ಮ, ನಿಂತ್ರೆ ಸಾಕು.”

“ನನ್ ಬಯೋಡೇಟಾಗೂ ಬೇಕಲ್ಲ ಅಣ್ಣಾ. ಪಿಎಚ್‌ಪಿ ಅಂತ ಬರ್ಕೊಂಡು ಹೋದ್ರೆ ಒಳಗೆ ಕರೆಯಲ್ಲ.” ಅವಳು ಒಳಗೊಂದು ಹೊರಗೊಂದು ಇಟ್ಟುಕೊಳ್ಳುವವಳಲ್ಲ. ನಕ್ಕೇ ಹೇಳಿದಳು.

ಭಾವ ಕುರ್ಚಿ ತಿರುಗಿಸಿಕೊಂಡು ಕೇಳುತ್ತಿದ್ದ. ಅವನು ಹೇಳಿದ್ದು ಮೂರನೆಯದು. ಕೋಡೇ ಬರೆಯಬೇಕಾಗಿಲ್ಲ, ರೆಡಿಮೇಡ್ ಸಿಗುತ್ತದೆ. ತೆರೆಯ ಮೇಲೆ ಪೆಟ್ಟಿಗೆಗಳನ್ನು ಎಳೆದು ಜೋಡಿಸಿದರೆ ಆ್ಯಪು ತಯಾರು, ದೊಡ್ಡ ಕಂಪನಿಯವರು ನೋಡಿಕೊಳ್ಳುತ್ತಾರೆ, ಕಂಟ್ರಾಕ್ಟರೂ ಅದರ ಹೆಸರು ಕೇಳಿದ್ದಾನೆ.

“ನಾಳೆ ನೀನು ಬುಟ್ಟೋದ್ರೆ ನಿನ್ನ ಪಿಎಚ್‌ಪಿ ಓದೋನು ಯಾರ್ಲಾ?” ಎಂದ.

“ನಾನೆಲ್ಲಿಗೆ ಹೋಗ್ಲಿ ಸರ್?”

“ಅಂಗನ್ನೋರೇ ಮೊದ್ಲು ಹೋಗೋದು. ಈ ಯಮ್ಮನ್ನೂ ಕೇಳು, ಬಯೋಡೇಟಾ ರೆಡಿ ಮಾಡ್ತಾವ್ಳೆ. ನೀವಿಬ್ರೂ ಹೋದ್ರೆ ನಾನೇನು ಕೆಳಗಡೆ ನಲ್ಲಿ ಮಾರ್ಲಾ?”

ಅವನ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಆಗಲೂ ಅಂದುಕೊಂಡಿರಲಿಲ್ಲ. ಬರೆಯುವವನು ಮತ್ತು ನಡೆಸುವವನು ಒಂದೇ ವಸ್ತುವನ್ನು ನೋಡುವುದಿಲ್ಲ. ನಾವು ಮಂದೆಗೆ ನಾಯಿ ಆರಿಸಿದಂತೆ ಆರಿಸುತ್ತೇವೆ. ಬಣ್ಣ ಯಾವುದಾದರೇನು, ತೋಳ ಬಂದಾಗ ಬೊಗಳಬೇಕು. ಅವನು ಹೆಣ್ಣು ನೋಡಲು ಹೋದವನ ಹಾಗೆ ನೋಡುತ್ತಾನೆ. ಯಾವ ಮನೆತನ, ಹೆಚ್ಚುಕಮ್ಮಿಯಾದರೆ ಯಾರ ಬಾಗಿಲಿಗೆ ಹೋಗಿ ಕೇಳುವುದು, ನೆಂಟರು ಏನೆನ್ನುತ್ತಾರೆ. ಎರಡೂ ಬೇಕಾದದ್ದೇ. ಕೂತು ಮಾತಾಡಿದ್ದರೆ ನಾನು ಸೋಲಲೂ ಸಿದ್ಧನಿದ್ದೆ. ಸೋತರೆ ಮರುದಿನ ಅದನ್ನೇ ಕಲಿಯುತ್ತಿದ್ದೆ. ತಡವಾಗಿ ಕಲಿಯುವುದು ನನಗೇನು ಹೊಸದಲ್ಲ.

ಎರಡು ವಾರ ಇದೇ ಜಗಳ ನಡೆಯಿತು. ಒಂದು ಬೆಳಿಗ್ಗೆ ಭಾವ ನಮ್ಮಿಬ್ಬರನ್ನೂ ಕರೆದು ಕೂರಿಸಿದ.

“ಆ ರೆಡಿಮೇಡು ಬುಡ್ರಿ, ಸುಮ್ನೆ ಅಂದೆ. ನೀವಿಬ್ರೂ ಒಂದೊಂದು ಮಾಡಿ. ಬ್ಯಾಸಿಗೆ ಪೂರಾ ತಿರುಮಣೀಲಿ ಟ್ರಯಲ್ ಮಾಡಣ. ತೊಳೆಯೋ ಹೆಂಗಸ್ರು ಯಾವುದು ಸರಿ ಅಂತಾರೋ ಅದೇ ಫೈನಲ್ಲು. ನಾನು ಅಡ್ಡ ಬರಲ್ಲ.”

“ಅವ್ರು ಹೇಳ್ದಂಗಾ ಸರ್?” ಎಂದು ಅವಳು ಕೇಳಿದಳು.

“ಅವ್ರು ಹೇಳ್ದಂಗೇ. ನನ್ ಮಾತು.” ಅವನು ಕೈ ಚಾಚಿದ. ನಾನು ಕೈ ಕೊಟ್ಟೆ. ಅವನು ಅದುಮಿ ಬಿಟ್ಟ. ಮೇಲೆ ಟವಲು ಇರಲಿಲ್ಲವಾದ್ದರಿಂದ ನಾನು ನೋಡುತ್ತಿರುವುದೇ ಪೂರಾ ವ್ಯಾಪಾರ ಎಂದುಕೊಂಡೆ.

ಆ ಬೇಸಿಗೆ ನಾವಿಬ್ಬರೂ ಮಧುಗಿರಿಯಿಂದ ಪಾವಗಡದ ಬಸ್ಸು ಹತ್ತಿ, ಅಲ್ಲಿಂದ ತಿರುಮಣಿಗೆ ಹೋಗುವುದೇ ಕೆಲಸವಾಯಿತು. ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂರುತ್ತಿದ್ದೆವು. ಅವಳ ಆ್ಯಪಿನಲ್ಲಿ ನಾನು ತಪ್ಪು ಹುಡುಕುತ್ತಿದ್ದೆ, ನನ್ನದರಲ್ಲಿ ಅವಳು. ಒಮ್ಮೆ ಅವಳು ಡಬ್ಬಿಯಲ್ಲಿ ತಂದ ಖೀಮಾ ಪರೋಟ ಕೊಡಲು ಬಂದಾಗ ಹೊಟ್ಟೆ ತುಂಬಿದೆ ಎಂದುಬಿಟ್ಟೆ. ಹಸಿವಿತ್ತು. ಅಷ್ಟು ಬಿರುಸಾಗಿತ್ತು ನಮ್ಮ ಪೈಪೋಟಿ.

ತಿರುಮಣಿಯ ಆಚೆ ಕಣ್ಣು ಹಾಯುವವರೆಗೂ ಪ್ಯಾನಲುಗಳು. ನಾವು ಹೋದ ಗುಂಪಿನಲ್ಲಿ ಬಲಸಮುದ್ರ, ಕ್ಯಾತಗಾನಚೆರ್ಲು ಕಡೆಯ ಹೆಂಗಸರಿದ್ದರು. ಟ್ಯಾಂಕರಿನ ಹಿಂದೆ ಪೈಪು ಎಳೆದುಕೊಂಡು, ಉದ್ದ ಕೋಲಿನ ಒರೆಸುಬಟ್ಟೆ ಹಿಡಿದು, ಹೊತ್ತು ಏರುವ ಮುಂಚೆ ಶುರು ಮಾಡಿ, ಗಾಜು ಕಾದ ಮೇಲೆ ನಿಲ್ಲಿಸುತ್ತಿದ್ದರು. ಗುಂಪಿನ ಮುಂದಾಳು ಕ್ಯಾತಗಾನಚೆರ್ಲುವಿನ ಒಬ್ಬ ಹಿರಿಯ ಹೆಂಗಸು. ನಾವು ಅಕ್ಕ ಎನ್ನುತ್ತಿದ್ದೆವು. ಅವಳ ಮಾತಿನಲ್ಲಿ ಅರ್ಧ ತೆಲುಗು.

“ಏಮಯ್ಯಾ, ನಾವು ತೊಳೆಯೋದು ಬಿಟ್ಟು ನಿನ್ ಫೋನು ಒತ್ತಾ ಕೂತ್ರೆ ಮೇಸ್ತ್ರಿ ಸುಮ್ನೆ ಬಿಡ್ತಾನಾ?” ಎಂದಳು ಮೊದಲ ದಿನ.

“ಊಟದ ಹೊತ್ನಾಗೆ ಒಂಚೂರು ನೋಡಿ ಸಾಕು ಅಕ್ಕ.”

“ಓ, ಊಟನೂ ನಿಂಗೇ ಕೊಡ್ಬೇಕಾ?”

ಆದರೂ ಕೊಟ್ಟರು. ಮುದ್ದೆ ಉಂಡು ಪ್ಯಾನಲಿನ ನೆರಳಲ್ಲಿ ಒರಗುವ ಹೊತ್ತನ್ನು ಅವರು ನಮಗೆ ಕೊಟ್ಟರು. ಕೈ ಒರೆಸಿಕೊಂಡು, ಒಬ್ಬೊಬ್ಬರಾಗಿ ಒತ್ತಿ ನೋಡಿದರು. ನನ್ನ ಆ್ಯಪಿನಲ್ಲಿ ಸಾಲುಗಳಿಗೆ ಕಂಟ್ರಾಕ್ಟರು ಕೊಟ್ಟ ನಂಬರು ಹಾಕಿದ್ದೆ. ಅವರು ಒತ್ತಿದ್ದೆಲ್ಲ ತಪ್ಪಾಗುತ್ತಿತ್ತು. ಹದಿನೇಳು ತೊಳೆದು ಇಪ್ಪತ್ತೇಳು ಒತ್ತುತ್ತಿದ್ದರು. ನಾನು ಬಟನ್ನು ದೊಡ್ಡದು ಮಾಡಿದೆ, ಬಣ್ಣ ಬದಲಿಸಿದೆ, ಏನೂ ಆಗಲಿಲ್ಲ. ಒಂದು ದಿನ ಇಬ್ಬರು ಹೆಂಗಸರು ಮಾತಾಡುವುದು ಕಿವಿಗೆ ಬಿತ್ತು.

“ಬಾವಿ ಹೊಲ ಆಯ್ತಾ?”

“ಆಯ್ತು. ಹುಣಸೆಮರದ್ದು ಅರ್ಧ ಐತೆ.”

ಅಲ್ಲಿ ಬಾವಿಯೂ ಇರಲಿಲ್ಲ, ಹುಣಸೆಮರವೂ ಇರಲಿಲ್ಲ. ಅಕ್ಕನನ್ನು ಕೇಳಿದೆ. ಪಾರ್ಕಿಗೆ ಗುತ್ತಿಗೆ ಕೊಟ್ಟ ಹೊಲಗಳು ಪ್ಯಾನಲಿನ ಅಡಿಯಲ್ಲಿ ಯಾವುದು ಎಲ್ಲಿ ಎಂದು ಅವರಿಗೆಲ್ಲ ಗೊತ್ತು. ಅವರು ಸಾಲು ಗುರುತಿಸುವುದೇ ಆ ಹೆಸರಿನಿಂದ. “ಇದು ನಮ್ದು, ಕಡ್ಲೆಕಾಯಿ ಹೊಲ” ಎಂದು ಅಕ್ಕ ತಾನು ಒರಗಿದ್ದ ಕಂಬವನ್ನು ತಟ್ಟಿದಳು. ಅದರಲ್ಲಿ ಅವಳಿಗೆ ವಿಶೇಷವೇನೂ ಕಾಣಲಿಲ್ಲ.

ಮುಂದಿನ ಸಲ ಹೋಗುವಾಗ ನಂಬರಿನ ಜಾಗದಲ್ಲಿ ಹೊಲದ ಹೆಸರು ಹಾಕಿಕೊಂಡು ಹೋದೆ. ಬಾವಿ ಹೊಲ, ಹುಣಸೆಮರ, ಗುಂಡಿ ಹೊಲ, ಕಡ್ಲೆಕಾಯಿ ಹೊಲ. ಹಿಂದೆ ನಂಬರು ತನ್ನಷ್ಟಕ್ಕೆ ಹೋಗುತ್ತದೆ. ಹೆಂಗಸರು ಒಬ್ಬರ ಭುಜದ ಮೇಲಿಂದ ಒಬ್ಬರು ಬಗ್ಗಿ ನೋಡಿದರು. ಓದು ಬರುವವಳು ಓದಿ ಹೇಳಿದಳು. ಇನ್ನೊಬ್ಬಳ ಹೊಲದ ಹೆಸರು ಬಿಟ್ಟುಹೋಗಿತ್ತು, ಅವಳು ಮುನಿಸಿಕೊಂಡಳು. ಅಲ್ಲೇ ಕುಳಿತು ಸೇರಿಸಿದೆ. ಆಮೇಲೆ ತಪ್ಪು ಒತ್ತುವುದು ನಿಂತಿತು.

ಬಸ್ಸಿನಲ್ಲಿ ಆ ದಿನ ಶಿರಾದ ಹುಡುಗಿಯೇ ನನ್ನ ಪಕ್ಕದ ಸೀಟಿಗೆ ಬಂದು ಕೂತಳು. “ಅಣ್ಣಾ, ಹೊಲದ ಹೆಸ್ರು ನಿಮ್ದು, ಸ್ಕ್ರೀನು ನಂದು. ಎರಡೂ ಸೇರಿಸ್ಬಿಡಣ” ಎಂದಳು. ನನ್ನ ಸ್ಕ್ರೀನು ಚೆನ್ನಾಗಿರಲಿಲ್ಲ, ನನಗೂ ಗೊತ್ತಿತ್ತು. ಸರಿ ಎಂದೆ. ಮಿಡಿಗೇಶಿ ದಾಟುವಷ್ಟರಲ್ಲಿ ಯಾವುದು ಯಾರು ಬರೆಯುವುದು ಎಂದು ತೀರ್ಮಾನವಾಗಿತ್ತು. ಡಬ್ಬಿಯಲ್ಲಿ ಉಳಿದ ಪರೋಟವನ್ನೂ ತಿಂದೆ. ನಾನು ಈ ಕೆಲಸದಲ್ಲಿ ಅಷ್ಟು ಸುಖವಾಗಿ ಎಂದೂ ಮನೆಗೆ ಹೋಗಿರಲಿಲ್ಲ.

ಸೇರಿಸಿದ ಆ್ಯಪನ್ನು ಹೆಂಗಸರಿಗೆ ತೋರಿಸಿದ ದಿನ ಅಕ್ಕ ನನ್ನನ್ನು ಪಕ್ಕಕ್ಕೆ ಕರೆದಳು.

“ಚೂಡಯ್ಯಾ, ಇದು ನಿಜಕ್ಕೂ ಇರ್ತದಾ? ಇಲ್ಲಾ ಆಡ್ಸಿ ಎತ್ಕೊಂಡು ಹೋಗ್ತೀಯಾ? ಇಲ್ಲಿಗೆ ಬಂದು ಏನೇನೋ ತೋರ್ಸಿ ಹೋದೋರು ಬಾಳ ಜನ.”

“ನೀವು ಇದೇ ಸರಿ ಅಂದ್ರೆ ಇದೇ ಇರ್ತೈತೆ ಅಕ್ಕ. ನಮ್ ಸರ್ ಕೈ ಮೇಲೆ ಕೈ ಇಟ್ಟು ಹೇಳವ್ರೆ.”

“ನಿಮ್ ಸಾರು ನಂಗೆ ಗೊತ್ತಿಲ್ಲ. ನೀನು ಹೇಳು.”

“ಇರ್ತೈತೆ ಅಕ್ಕ.”

ಹೀಗೆ ನಾನು ನನ್ನ ಮಾತನ್ನು ಭಾವನ ಮಾತಿನ ಮೇಲೆ ಇಟ್ಟೆ. ಗೋಡೆ ಗಟ್ಟಿ ಎಂದು ತಿಳಿದವನು ಒರಗುವಂತೆ ಇಟ್ಟೆ.

ಬೇಸಿಗೆ ಮುಗಿಯುತ್ತ ಬಂದಾಗ ಪಾವಗಡದಲ್ಲಿ ಕಂಟ್ರಾಕ್ಟರ ಆಫೀಸಿನಲ್ಲಿ ಮೀಟಿಂಗು. ಕೊರಟಗೆರೆಯಲ್ಲಿ ಯಾವುದೋ ಸಂಬಂಧಿಕರ ಗೃಹಪ್ರವೇಶ ಮುಗಿಸಿಕೊಂಡು ಭಾವ ನೇರ ಅಲ್ಲಿಗೇ ಕಾರಿನಲ್ಲಿ ಬಂದ. ನಾವಿಬ್ಬರೂ ಬಸ್ಸಿನಲ್ಲಿ ಹೋದೆವು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದೆ. ಹೆಂಗಸರು ಹೇಳಿದ್ದನ್ನು ಹೇಗೆ ಹೇಳಬೇಕೆಂದು ಬಸ್ಸಿನಲ್ಲಿ ಬಾಯಲ್ಲೇ ಅಭ್ಯಾಸ ಮಾಡಿಕೊಂಡಿದ್ದೆ.

ಒಳಗೆ ಹೋದಾಗ ಭಾವ ಎದ್ದು ಬಂದು ನನ್ನ ಹೆಗಲ ಮೇಲೆ ಕೈ ಹಾಕಿದ. “ಇವ್ನೇ ನೋಡಿ, ನಮ್ ಭಾಮೈದ. ಬ್ಯಾಸಿಗೆ ಪೂರಾ ನಿಮ್ ಪ್ಯಾನಲು ಕೆಳಗೇ ಇದ್ದ” ಎಂದ. ಕೆಲಸದ ಜಾಗದಲ್ಲಿ, ಬೇರೆಯವರ ಮುಂದೆ, ಅವನು ಆ ಸಂಬಂಧ ಹೇಳಿದ್ದು ಅದೇ ಮೊದಲು. ನನಗೆ ಹೆಮ್ಮೆಯಾಯಿತು. ಆವತ್ತಿನ ಆ ಹೆಮ್ಮೆಯನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ನಾನು ಲ್ಯಾಪ್‌ಟಾಪು ತೆರೆಯುವಷ್ಟರಲ್ಲಿ ಕಂಟ್ರಾಕ್ಟರು ಟೀ ಸುರಿಯುತ್ತ ಮಾತಾಡಿದ. ಒಳ್ಳೆಯ ಮನುಷ್ಯ, ಮುಚ್ಚುಮರೆ ಇಲ್ಲ. “ನಿಮ್ಮಿಂದ ಬಾಳ ಅನುಕೂಲ ಆಯ್ತು ಕಣ್ರಿ. ಹೆಂಗಸ್ರಿಗೆ ಫೋನ್ ಒತ್ತೋದು ರೂಢಿ ಆಗ್ಬುಡ್ತು. ಮೊದ್ಲು ಮುಟ್ಟಕ್ಕೇ ಹೆದ್ರೋರು. ಇನ್ನು ಆ ಹೊಸದು ಹಾಕಿದ್ರೆ ತಾಪತ್ರಯ ಇಲ್ಲ. ನಮ್ ಸೂಪರ್‌ವೈಜರ್‌ಗಳ್ದು ಅದ್ರ ಟ್ರೇನಿಂಗು ಸಂಕ್ರಾಂತಿಗೆ ಮುಂಚೆನೇ ಮುಗ್ದೈತಲ್ಲ.”

ನಾನು ಭಾವನ ಮುಖ ನೋಡಿದೆ. ಅವನು ಟೀ ಲೋಟದ ಅಂಚನ್ನು ನೋಡುತ್ತಿದ್ದ.

“ಯಾವ ಹೊಸದು ಸರ್?” ಎಂದು ನನ್ನ ಜೊತೆಯವಳು ಕೇಳಿದಳು.

“ಅದೇ ಅಮ್ಮ, ಪೆಟ್ಟಿಗೆ ಜೋಡ್ಸೋದು. ನಿಮ್ ಸಾಹೇಬ್ರು ಹೇಳಿಲ್ವಾ?”

ಸಂಕ್ರಾಂತಿಗೆ ಮುಂಚೆ. ಆಗ ನಾವು ಆಫೀಸಿನಲ್ಲಿ ಇನ್ನೂ ಜಗಳವನ್ನೇ ಶುರು ಮಾಡಿರಲಿಲ್ಲ. ನಾನು ಕೈ ಕೊಟ್ಟ ದಿನ, ಖೀಮಾ ಪರೋಟ ಬೇಡ ಎಂದ ದಿನ, ಹೆಂಗಸರು ಊಟದ ಹೊತ್ತು ಬಿಟ್ಟುಕೊಟ್ಟ ದಿನಗಳು, ಎಲ್ಲವೂ ವ್ಯಾಪಾರ ಮುಗಿದ ಮೇಲಿನವು. ನಾನು ಇನ್ನೊಬ್ಬರ ಕುರಿಯ ಹಲ್ಲು ನೋಡುತ್ತ ನಿಂತಿದ್ದೆ. ಕಲಿತ ಮಾತನ್ನು ನುಂಗಿಕೊಂಡು ಲ್ಯಾಪ್‌ಟಾಪು ಮುಚ್ಚಿದೆ. ಭಾವ ಅದೂ ಇದೂ ಮಾತಾಡಿ ಮೀಟಿಂಗು ಮುಗಿಸಿದ. “ನಮ್ ಡೆವಲಪರ್ಸ್ ಎಲ್ಲಾ ನೋಡಿ ಒಪ್ಪವ್ರೆ” ಎಂದೂ ಹೇಳಿದ. ನಾನು ಒಪ್ಪಿಲ್ಲ ಎನ್ನಲಿಲ್ಲ.

ಹೊರಗೆ ಕಾರಿನ ಬಳಿ ಕೇಳಿದೆ. “ಯಾಕೆ ಭಾವ?”

“ಯಾಕೆ ಅಂದ್ರೆ? ಅವ್ರು ಕೇಳಿದ್ದೇ ಅದು. ಅದಕ್ಕೇ ಒಪ್ಕಂಡು ಕ್ಯಾಮೆ ಹಿಡ್ದಿದ್ದು ನಾನು. ಇಲ್ದಿದ್ರೆ ಬೇರೆಯೋರ್ಗೆ ಓಯ್ತಿತ್ತು.”

“ಅದನ್ನ ಹೇಳಿದ್ರೆ ಆಗ್ತಿತ್ತಲ್ಲ. ಅದನ್ನೇ ಮಾಡ್ತಿದ್ನಲ್ಲ ನಾನು.”

“ಹೇಳಿದ್ರೆ ನೀನು ತಿರುಮಣಿಗೆ ಇಂಗೆ ಓಗ್ತಿದ್ಯೇನ್ಲಾ? ಆ ಬಿಸ್ಲಾಗೆ, ಇಷ್ಟು ಮನಸಿಟ್ಟು? ಹೆಂಗಸ್ರು ನಂಬೋದು ನಿನ್ನಂಥೋನ್ನ. ನೀನು ನಂಬಿದ್ರೆ ತಾನೆ ಅವ್ರು ನಂಬೋದು.”

ಅವನು ಅದನ್ನು ಹೊಗಳಿಕೆಯ ಹಾಗೆ ಹೇಳಿದ. ಈಗ ಯೋಚಿಸಿದರೆ ಅವನಿಗೆ ಅದು ಹೊಗಳಿಕೆಯೇ ಇರಬೇಕು.

ಜೊತೆಯವಳು ಬಸ್‌ಸ್ಟ್ಯಾಂಡಿನವರೆಗೂ ನನಗಿಂತ ಮುಂದೆ ಬಿರಬಿರನೆ ನಡೆದಳು. ಬಸ್ಸು ಹೊರಟ ಮೇಲೆ, “ಧೋಖಾ ಆಯ್ತು ಅಣ್ಣಾ” ಎಂದಳು. “ಟಗರು ಬಿಟ್ಟಂಗೆ ನಮ್ಮಿಬ್ರುನ್ನ ಕಾದಾಡಕ್ಕೆ ಬಿಟ್ಟು ಅವ್ರು ಬೇರೆ ಕಡೆ ಪಂದ್ಯ ಕಟ್ಟಿದ್ರು.” ಟಿಕೆಟ್ಟು ತೆಗೆದುಕೊಂಡು, “ನಂಗೆ ಅವ್ರು ಸರ್ ಅಷ್ಟೆ. ನಿಮ್ಗೆ ಮನೆಯೋರು” ಎಂದಳು. ನಾನು ಕಿಟಕಿಯ ಕಡೆ ತಿರುಗಿದೆ.

ಮರುವಾರ ಭಾವ ಆಫೀಸಿನಲ್ಲಿ ಮೇಜಿನ ಬಳಿ ಬಂದು ನಿಂತ. ಹೆಂಗಸರ ಗುಂಪಿಗೆ ಕಂಟ್ರಾಕ್ಟರು ಕೊಟ್ಟಿದ್ದ ಫೋನುಗಳಿಂದ ನಮ್ಮ ಟ್ರಯಲ್ ಆ್ಯಪು ತೆಗೆದು ಹೊಸದು ಹಾಕಬೇಕಿತ್ತು. ಅದನ್ನು ಯಾರು ಬೇಕಾದರೂ ಮಾಡಬಹುದಿತ್ತು.

“ನೀನೇ ಓಗಿ ಬಾ. ಬೇರೆಯೋರು ಓದ್ರೆ ಆ ಹೆಂಗಸ್ರು ತಕರಾರು ಮಾಡ್ತಾರೆ. ನೀನು ಹೇಳಿದ್ರೆ ಕೇಳ್ತಾರೆ.”

“ಹೇಳೋದೇನು ಸರ್?”

“ಏನಾರ ಹೇಳು. ಇದು ಅದ್ಕಿಂತ ಚೆನ್ನಾಗೈತೆ ಅನ್ನು.”

ಹೋದೆ. ಹೋಗದೆ ಇರಬಹುದಿತ್ತು. ಆದರೆ ಬೇರೆಯವರು ಹೋಗಿ ಅಕ್ಕನಿಗೆ ಹೇಳುವುದು ನನಗೆ ಬೇಡವಾಗಿತ್ತು. ಮಾತು ಕೊಟ್ಟವನು ನಾನು.

ಮೊದಲ ಮಳೆ ಬಿದ್ದು ಪ್ಯಾನಲಿನ ಕೆಳಗೆ ಹುಲ್ಲು ಚಿಗುರಿತ್ತು. ಹೆಂಗಸರು ಊಟಕ್ಕೆ ಕೂತಿದ್ದರು. ನನ್ನನ್ನು ಕಂಡು ಜಾಗ ಬಿಟ್ಟರು, ಒಬ್ಬಳು ಮಜ್ಜಿಗೆ ಕೊಟ್ಟಳು. ನಾನು ಚೆನ್ನಾಗಿದೆ ಗಿನ್ನಾಗಿದೆ ಎನ್ನಲಿಲ್ಲ. ಇದು ತೆಗೆದು ಬೇರೆ ಹಾಕುತ್ತಾರೆ, ಅದರಲ್ಲಿ ಹೊಲದ ಹೆಸರು ಇರುವುದಿಲ್ಲ, ನಂಬರು ಇರುತ್ತದೆ, ಸಾಲಿನ ಕೊನೆಯಲ್ಲಿ ನಂಬರಿನ ಹಲಗೆ ಹಾಕಿಸುತ್ತಾರಂತೆ, ಇದೆಲ್ಲ ನಾವು ಇಲ್ಲಿಗೆ ಬರುವ ಮುಂಚೆಯೇ ಮುಗಿದಿತ್ತು, ನನಗೆ ಗೊತ್ತಿರಲಿಲ್ಲ ಎಂದೆ.

ಯಾರೂ ಜಗಳ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. ಹೊಲದ ಹೆಸರು ಬಿಟ್ಟುಹೋಯಿತೆಂದು ಮುನಿಸಿಕೊಂಡಿದ್ದವಳು, “ಅಯ್ಯೋ, ನಂದು ಸೇರ್ಸಿದ್ದೂ ದಂಡ ಆಯ್ತು” ಎಂದು ನಕ್ಕು ತಟ್ಟೆ ತೊಳೆಯಲು ಎದ್ದಳು.

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. “ನೀನು ಕುರಿ ಕಾದೋನು ಅಂದಿದ್ಯಲ್ಲ.”

“ಹೂಂ ಅಕ್ಕ.”

“ಕುರಿ ಕಾದೋನಿಗೆ ಟವಲು ಯಾರ್ ಕೈಯಾಗೈತೆ ಅಂತ ಕಾಣ್ಲಿಲ್ವಾ?”

“ನಮ್ಮೋನ ಕೈಯಾಗಿತ್ತು ಅಕ್ಕ. ಅದಕ್ಕೇ ನೋಡ್ಲಿಲ್ಲ.”

ಅಕ್ಕ ಫೋನುಗಳನ್ನು ತರಿಸಿ ನನ್ನ ಮುಂದೆ ಸೆರಗಿನ ಮೇಲೆ ಇಟ್ಟಳು. ಒಂದೊಂದಾಗಿ ತೆಗೆದೆ. ಎರಡೇ ಬೆರಳಿನ ಕೆಲಸ, ನಿಧಾನವಾಗಿ ಆಯಿತು. ಕೊನೆಗೆ ಉಳಿದದ್ದು ಅವಳ ಸ್ವಂತ ಫೋನು. ಅದರಲ್ಲೂ ಟ್ರಯಲಿಗೆಂದು ಹಾಕಿದ್ದೆ. ಕೈ ಚಾಚಿದಾಗ ಅವಳು ಕೊಡಲಿಲ್ಲ.

“ಇದ್ರಲ್ಲಿ ಒತ್ತಿದ್ರೆ ಏನಾಗ್ತದೆ ಇನ್ನು?”

“ಏನೂ ಆಗಲ್ಲ ಅಕ್ಕ. ಎಲ್ಲಿಗೂ ಹೋಗಲ್ಲ. ಹೊಲದ ಹೆಸ್ರು ಬರ್ತವೆ, ಅಷ್ಟೆ.”

“ಬರ್ತವಲ್ಲ. ಉಂಡನಿ ಬಿಡು” ಎಂದು ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇರಲಿ ಎಂದು ಅವಳ ತೆಲುಗಿನಲ್ಲಿ. ಹೊರಡುವಾಗ ನಾನು ಮತ್ತೆ ಬರುತ್ತೇನೆ ಎನ್ನಲಿಲ್ಲ, ಅವಳೂ ಬಾ ಎನ್ನಲಿಲ್ಲ.

ಹೊಸದು ಕೆಟ್ಟದ್ದೇನಲ್ಲ. ನಂಬರಿನ ಹಲಗೆ ಬಂತು, ಕೆಲಸ ನಡೆಯುತ್ತಿದೆ. ಸಿಗ್ನಲ್ ಇಲ್ಲದ ಕಡೆ ಸೂಪರ್‌ವೈಜರು ಸಂಜೆ ರಸ್ತೆಗೆ ಬಂದು ಒತ್ತುತ್ತಾನೆ ಎಂದು ಕೇಳಿದ್ದೇನೆ. ನಾನು ಈಗ ಅದೇ ಪೆಟ್ಟಿಗೆ ಜೋಡಿಸುವ ಕೆಲಸವನ್ನು ಬೇರೆ ಗಿರಾಕಿಗಳಿಗೆ ಮಾಡುತ್ತೇನೆ, ಬೇಗ ಕಲಿತೆ ಕೂಡ. ಪಿಎಚ್‌ಪಿ ಸೋತದ್ದಕ್ಕೆ ನನಗೆ ಈಗ ಅಷ್ಟು ನೋವಿಲ್ಲ.

ಆ ದಿನ ತಿರುಮಣಿಯಿಂದ ಬಂದು ಮಧುಗಿರಿಯಲ್ಲಿ ಇಳಿದಾಗ ಭಾವ ಬಸ್‌ಸ್ಟ್ಯಾಂಡಿನ ಎದುರಿನ ಟೀ ಅಂಗಡಿಯಲ್ಲಿ ನನಗೆಂದೇ ಕಾಯುತ್ತಿದ್ದ. ಎರಡು ಟೀ ಹೇಳಿದ, ನನ್ನದಕ್ಕೆ ಸಕ್ಕರೆ ಜಾಸ್ತಿ ಎಂದೂ ಹೇಳಿದ. ಅದನ್ನು ಅವನು ಎಂದೂ ಮರೆಯುವುದಿಲ್ಲ.

“ಎಲ್ಲಾ ತೆಗ್ದ್ಯಾ?”

“ಒಂದು ಬಿಟ್ಟು ಎಲ್ಲಾ ತೆಗ್ದೆ ಸರ್.”

ಅವನು ಲೋಟ ಬಾಯಿಗೆ ತರುತ್ತಿದ್ದವನು ನಿಲ್ಲಿಸಿದ. ಸುತ್ತ ಬಸ್ಸುಗಳ ಸದ್ದು, ಶಿರಾ ಶಿರಾ ಎಂದು ಕೂಗುವ ಕಂಡಕ್ಟರು. ಆಫೀಸಿನ ಮೆಟ್ಟಿಲು ಅಲ್ಲಿಂದ ಬಹಳ ದೂರ.

“ಇಲ್ಲಿ ಯಾಕ್ಲಾ ಸರ್ ಅಂತೀಯ? ಇಲ್ಯಾರವ್ರೆ?”

“ಟೀ ಆರೋಯ್ತದೆ ಸರ್, ಕುಡೀರಿ” ಎಂದೆ. ನಾನು ನನ್ನದನ್ನು ಕುಡಿದು ಮುಗಿಸಿ, ಊರ ಕಡೆ ಹೋಗುವ ಶಿರಾ ಬಸ್ಸು ಹತ್ತಿದೆ.